ಮಳೆಗಾಲದಲ್ಲಿ ಹಳೇ ಪಿಸ್ತೂಲಿನ ಕಾಳಜಿ

ಲೈಸೆನ್ಸ್ ಇರುವ ಗೆಳೆಯರಿಗೆ ಒಂದು ಮಾತು. ಧಾರವಾಡದ ಜಿಟಿಜಿಟಿ ಮಳೆ ಶುರುವಾದರೆ ಪಿಸ್ತೂಲನ್ನು ಚರ್ಮದ ಕವರಿನಲ್ಲಿ ಇಡಬೇಡಿ. ನಮ್ಮ ಮನೆಯಲ್ಲಿ ಅಜ್ಜನ ಕಾಲದ, ಕೋಲ್ಟ್ ಕಂಪನಿಯ .32 ಪಿಸ್ತೂಲು ಇದೆ. ಅಮೆರಿಕದ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ರೂಪಿಸಿದ 1903ರ ಮಾದರಿ. ಹೋದ ವರ್ಷ ಕವರಿನ ಸಮೇತ ತಿಜೋರಿಯಲ್ಲಿ ಇಟ್ಟಿದ್ದೆ. ಚರ್ಮ ತೇವ ಹೀರಿಕೊಳ್ಳುತ್ತದೆ, ಅಲ್ವಾ? ಆಯುಧ ಪೂಜೆಗೆ ಅಂತ ತೆಗೆದರೆ ಸ್ಲೈಡಿನ, ಅಂದರೆ ಹಿಂದೆ ಮುಂದೆ ಜಾರುವ ಮೇಲ್ಭಾಗದ, ಮೇಲೆ ತುಕ್ಕಿನ ಚುಕ್ಕೆಗಳು. ನೋಡಿ ಸಂಕಟವಾಯಿತು.

ಈಗ ಹದಿನೈದು ದಿನಕ್ಕೊಮ್ಮೆ ಒರೆಸುತ್ತೇನೆ. ಮೊದಲು ಗುಂಡು ತುಂಬಿಡುವ ಮ್ಯಾಗಝಿನ್ ತೆಗೆಯಿರಿ. ಆಮೇಲೆ ಸ್ಲೈಡ್ ಹಿಂದೆ ಎಳೆದು ಗುಂಡು ಕೂರುವ ಚೇಂಬರನ್ನು ಕಣ್ಣಾರೆ ನೋಡಿ. ಈ ಕ್ರಮ ಹಿಂದುಮುಂದಾದರೆ ಒಳಗೆ ಇನ್ನೊಂದು ಗುಂಡು ಕೂರುತ್ತದೆ. ದಯವಿಟ್ಟು ಇದನ್ನು ಎಂದೂ ಮರೆಯಬೇಡಿ.

ಹತ್ತಿ ಬಟ್ಟೆಗೆ ಎರಡು ಹನಿ ಗನ್ ಆಯಿಲ್ ಸಾಕು. ಜಾಸ್ತಿಯಾದರೆ ಧೂಳು ಅಂಟುತ್ತದೆ. ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ, ನಮ್ಮ ಚಳಿಗೆ ಗಟ್ಟಿಯಾಗುತ್ತದೆ. ಬೆವರಿನ ಉಪ್ಪಿಗೂ ತುಕ್ಕು ಬರುತ್ತದೆ, ಹಾಗಾಗಿ ಮುಟ್ಟಿದ ಮೇಲೆ ಒರೆಸಿಯೇ ಇಡಿ. ಮರದ ಹಿಡಿಗೆ ಗನ್ ಆಯಿಲ್ ತಾಗಿಸಬೇಡಿ.

ಅಂದ ಹೆಚ್ಚಿಸಲು ಸುಮ್ನೆ ಪಾಲಿಶ್ ಮಾಡಿಸಬೇಡಿ. ಮೂಲ ಬಣ್ಣ ಹೋದರೆ ಹಳೇ ಪಿಸ್ತೂಲಿನ ಬೆಲೆಯೇ ಇಳಿಯುತ್ತದೆ. ಪಿಸ್ತೂಲಿನ ಮೇಲೆ ಕೊರೆದ ಗುರುತಿನ ನಂಬರ್ ಅಳಿಸುವುದು 1959ರ ಆಯುಧ ಕಾಯ್ದೆಯಲ್ಲಿ ಅಪರಾಧ. ಹಿಡಿ ಬದಲಿಸಿದರೆ ಹಳೆಯದನ್ನು ಜೋಪಾನವಾಗಿಡಿ. ಸ್ಪ್ರಿಂಗ್ ಸಡಿಲವಾಗಿದ್ದರೆ ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಬಳಿಯೇ ಹೋಗಿ.