ಉಚಿತ ಆನ್‌ಲೈನ್ ಕೋರ್ಸ್: ಸೇರೋದು ಸುಲಭ, ಮುಗಿಸೋದು ಹೇಗೆ?

2011ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸೆಬಾಸ್ಟಿಯನ್ ಥ್ರನ್ ಮತ್ತು ಪೀಟರ್ ನಾರ್ವಿಗ್ ತಮ್ಮ ಕೃತಕ ಬುದ್ಧಿಮತ್ತೆಯ ಪಾಠವನ್ನು ಆನ್‌ಲೈನ್‌ನಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದರು. ಸುಮಾರು 1,60,000 ಜನ ಹೆಸರು ಬರೆಸಿದರು. ಮುಗಿಸಿದವರು 20 ಸಾವಿರದ ಆಚೀಚೆ. ಅದು ಒಳ್ಳೆಯ ಲೆಕ್ಕವೇ. ಆಮೇಲೆ ಬಂದ ಎಷ್ಟೋ ಕೋರ್ಸ್‌ಗಳಲ್ಲಿ ನೂರಕ್ಕೆ ಹತ್ತು ಜನವೂ ಕೊನೆ ಮುಟ್ಟುವುದಿಲ್ಲ. ನನ್ನ ಖಾತೆಯಲ್ಲೇ ಅರ್ಧಕ್ಕೆ ಬಿಟ್ಟ ಆರು ಕೋರ್ಸ್‌ಗಳಿವೆ!

ಸೇರುವ ಮೊದಲು ಮೂರನೇ ವಾರದ ಪಾಠ ತೆರೆದು ನೋಡಿ. ಮೊದಲ ವಾರ ಎಲ್ಲ ಕೋರ್ಸೂ ಸಲೀಸು. ಪ್ರೋಗ್ರಾಮಿಂಗ್ ಕೋರ್ಸ್ ಆದರೆ ಪರದೆ ಮೇಲೆ ‘ನಮಸ್ಕಾರ’ ಬರಿಸಿ ಖುಷಿಪಡುತ್ತೇವೆ. ಮೂರನೇ ವಾರ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸೂಚನೆ) ಒಳಗೆ ಇನ್ನೊಂದು ಲೂಪ್ ಬಂದಾಗಲೇ ನಿಜವಾದ ಓದು ಶುರು. ಅಲ್ಲಿನ ಲೆಕ್ಕ ಓದಿ ಪ್ರಶ್ನೆಯಾದರೂ ಅರ್ಥವಾದರೆ ಸೇರಿ.

ಆಮೇಲೆ, ‘ಉಚಿತ’ ಅಂದರೆ ಏನೇನು ಅಂತ ನೋಡಿಕೊಳ್ಳಿ. ಕೆಲವು ಕಡೆ ವಿಡಿಯೊ ಮಾತ್ರ ಪುಕ್ಕಟೆ, ಪರೀಕ್ಷೆಗೂ ಸರ್ಟಿಫಿಕೇಟಿಗೂ ದುಡ್ಡು. ಉಚಿತ ಬೇರೆ, ಮುಕ್ತ ಬೇರೆ. 2001ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ಘೋಷಿಸಿದ ಓಪನ್‌ಕೋರ್ಸ್‌ವೇರ್ ಮುಕ್ತ ಜಾತಿಯದು: ಹೆಸರು ಬರೆಸಬೇಕಿಲ್ಲ, ಟಿಪ್ಪಣಿ ಇಳಿಸಿಕೊಳ್ಳಬಹುದು, ಕ್ರಿಯೇಟಿವ್ ಕಾಮನ್ಸ್ ಅನ್ನುವ, ಬಳಕೆಗೆ ಮೊದಲೇ ಒಪ್ಪಿಗೆ ಕೊಡುವ ಪರವಾನಗಿ ಇರುವುದರಿಂದ, ವ್ಯಾಪಾರ ಮಾಡದಿದ್ದರೆ ಅನುವಾದಿಸಿ ಹಂಚಲೂಬಹುದು. ಆದರೆ ಉತ್ತರ ತಿದ್ದಲು ಮೇಷ್ಟ್ರಿಲ್ಲ, ಸರ್ಟಿಫಿಕೇಟೂ ಇಲ್ಲ. ಕೆಲಸಕ್ಕೆ ತೋರಿಸಲು ಸರ್ಟಿಫಿಕೇಟ್ ಬೇಕಿದ್ದರೆ, ಅದನ್ನು ಅಲ್ಲಿ ಒಪ್ಪುತ್ತಾರಾ ಅಂತ ದುಡ್ಡು ಕಟ್ಟುವ ಮೊದಲೇ ಕೇಳಿ.

ಇನ್ನು ಓದುವ ಬಗೆ. ಎಡವುವುದು ಇಲ್ಲೇ ಜಾಸ್ತಿ. ವಿಡಿಯೊ ನೋಡುವಾಗ ಎಲ್ಲ ಅರ್ಥವಾದ ಹಾಗೇ ಇರುತ್ತದೆ, ಅಲ್ವಾ? ಹತ್ತು ನಿಮಿಷದ ವಿಡಿಯೊ ಮುಗಿದ ಮೇಲೆ ಪರದೆ ಮುಚ್ಚಿ. ಕಾಗದದ ಮೇಲೆ ನೆನಪಿದ್ದಷ್ಟು ಬರೆಯಿರಿ. ಒಂದು ಸಂಖ್ಯಾಶಾಸ್ತ್ರದ ಕೋರ್ಸಿನಲ್ಲಿ ನಾನು ಹೀಗೆ ‘ಸರಾಸರಿ, ಮಧ್ಯಾಂಕ’ ಅಂತ ಎರಡು ಪದ ಬರೆದು, ಅವುಗಳ ವ್ಯತ್ಯಾಸ ಹೇಳಲಾಗದೆ ಪೆನ್ನು ಕಚ್ಚುತ್ತಾ ಕೂತಿದ್ದೆ. ಮತ್ತೆ ವಿಡಿಯೊ ಹಾಕಿ ಅಷ್ಟನ್ನೇ ನೋಡಿದೆ. ಆಮೇಲೆ ಅದು ಮರೆತಿಲ್ಲ. ಹೀಗೆ ಮಾಡಿದರೆ ಹತ್ತು ನಿಮಿಷದ ಪಾಠಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ವೇಳಾಪಟ್ಟಿಯನ್ನು ಆ ಲೆಕ್ಕದಲ್ಲೇ ಹಾಕಿಕೊಳ್ಳಿ.

ನೆಟ್ ಕೈಕೊಡುತ್ತಿದ್ದರೆ ವಿಡಿಯೊ ಬದಲು ಅದರ ಬರಹರೂಪ ಓದಿ. ಮಾತು ಹಿಡಿಯದಿದ್ದರೆ ವೇಗ ಇಳಿಸಿ, ಸಬ್‌ಟೈಟಲ್ ಹಾಕಿಕೊಳ್ಳಿ.

ಒಬ್ಬರೇ ಓದಬೇಡಿ. ಜೊತೆಗೊಬ್ಬರಿದ್ದರೆ ವಾರಕ್ಕೊಮ್ಮೆ ‘ಎಲ್ಲಿಗೆ ಬಂತು?’ ಅಂತ ಕೇಳುತ್ತಾರೆ. ಆ ನಾಚಿಕೆಗಾದರೂ ಕೂರುತ್ತೇವೆ. ಚರ್ಚಾ ವೇದಿಕೆಯಲ್ಲಿ ಸುಮ್ನೆ ‘ಅರ್ಥವಾಗಲಿಲ್ಲ’ ಅಂತ ಬರೆದರೆ ಯಾರೂ ಉತ್ತರಿಸುವುದಿಲ್ಲ. ಎಲ್ಲಿಯವರೆಗೆ ಮಾಡಿದಿರಿ, ಎಲ್ಲಿ ನಿಂತಿತು ಅಂತ ಬರೆಯಿರಿ.

ಬೇಕಾದ ಪಾಠ ಸಿಕ್ಕಿತಾ? ಉಳಿದದ್ದು ಬಿಟ್ಟರೂ ನಷ್ಟವಿಲ್ಲ. ಆ ಸಂಖ್ಯಾಶಾಸ್ತ್ರದ ಕೋರ್ಸಿನಲ್ಲಿ ನನಗೆ ಬೇಕಿದ್ದದ್ದು ಎರಡೇ ಅಧ್ಯಾಯ. ‘ಮರಳಿ ಬನ್ನಿ’ ಅಂತ ಇವತ್ತಿಗೂ ಇಮೇಲ್ ಬರುತ್ತಲೇ ಇದೆ.