ಹಾವಿನ ಪೆಟ್ಟಿಗೆಗೆ ಬಿಸಿ ಕೊಡಲು ಹೋಗಿ ನಾನು ಕಲಿತಿದ್ದು

ಗುಂಡನ ಹೊಟ್ಟೆ ಸುಟ್ಟಿದ್ದು ನನ್ನಿಂದ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇದನ್ನು ಬರೆಯುತ್ತಿರುವುದೇ ಅದಕ್ಕಾಗಿ.

ಗುಂಡ ನಮ್ಮ ಮನೆಯ ಬಾಲ್ ಪೈಥಾನ್, ಅಂದರೆ ಆಫ್ರಿಕಾದ ಒಂದು ಸಣ್ಣ ಜಾತಿಯ ಹೆಬ್ಬಾವು. ಹೆದರಿದರೆ ತಲೆ ಒಳಗಿಟ್ಟು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತಾನೆ, ಆ ಹೆಸರು ಬಂದಿದ್ದು ಹಾಗೆ. ನಾವಿರುವುದು ಅಮೆರಿಕದ ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಹತ್ತಿರ. ಚಳಿಗಾಲದಲ್ಲಿ ಹೊರಗೆ ಮೈನಸ್ 15ಕ್ಕೆ ಇಳಿಯುವ ದಿನಗಳಿವೆ. ಮನೆಯೊಳಗೆ 20 ಡಿಗ್ರಿ ಇರುತ್ತದೆ, ಸ್ವೆಟರ್ ಹಾಕಿಕೊಂಡರೆ ನಮಗೆ ಸಾಕು, ಆದರೆ ಘಾನಾ, ಟೋಗೊ, ಬೆನಿನ್ ಕಡೆಯ ಹಾವಿಗೆ ಅದು ಏನೇನೂ ಸಾಲದು.

ಅಮ್ಮ ತುಮಕೂರಿನಿಂದ ಫೋನಲ್ಲಿ ಕೇಳಿದ್ದರು, "ಹುತ್ತದಲ್ಲಿರೋ ಹಾವಿಗೆ ಯಾರಪ್ಪಾ ಹೀಟರ್ ಇಡ್ತಾರೆ?" ಅಂತ. ಸರಿಯಾದ ಪ್ರಶ್ನೆ. ಈ ಹಾವು ಕೂಡ ತನ್ನ ಊರಲ್ಲಿ ಗೆದ್ದಲ ಹುತ್ತ, ಇಲಿ ಬಿಲಗಳಲ್ಲೇ ಇರುವುದು. ಹುತ್ತದ ಒಳಗೆ ಬಿಸಿ ಹೊರಗಿನಷ್ಟು ಏರಿಳಿಯುವುದಿಲ್ಲ. ಸೆಕೆಯಾದರೆ ಹಾವು ಆಳಕ್ಕೆ ಹೋಗುತ್ತದೆ, ಬೆಚ್ಚಗೆ ಬೇಕಾದರೆ ಮೇಲೆ ಬರುತ್ತದೆ. ಹಾವಿನ ಮೈ ತಾನಾಗಿ ಬಿಸಿ ಹುಟ್ಟಿಸಿಕೊಳ್ಳುವುದಿಲ್ಲ, ಜಾಗ ಬದಲಿಸಿಯೇ ಬದುಕಬೇಕು. ಗಾಜಿನ ಪೆಟ್ಟಿಗೆಯಲ್ಲಿ ಆ ಬೇರೆ ಬೇರೆ ಜಾಗ ನಾವು ಮಾಡಿಕೊಡಬೇಕು, ಅಲ್ವಾ?

ಗುಂಡನನ್ನು ತಂದಾಗ ಅಂಗಡಿಯವರು ಗಾಜಿನ ಟ್ಯಾಂಕ್ ಮತ್ತು ತಳಕ್ಕೆ ಅಂಟಿಸುವ ಹೀಟ್ ಮ್ಯಾಟ್ ಕೊಟ್ಟರು. ಬಿಸಿ ಹದ ಮೀರದ ಹಾಗೆ ಹೀಟರನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಬೇಕಾ ಅಂದಾಗ "ಸಣ್ಣ ಮ್ಯಾಟ್, ಏನೂ ಆಗಲ್ಲ" ಅಂದರು. ನಂಬಿದೆ. ಗೋಡೆಗೆ ಅಂಟಿಸಿದ್ದ ದುಂಡನೆಯ ಮೀಟರ್ 27 ತೋರಿಸುತ್ತಿತ್ತು, ನಾನೂ ನೆಮ್ಮದಿಯಾಗಿದ್ದೆ. ಆದರೆ ಅದು ಅಳೆಯುತ್ತಿದ್ದುದು ಗೋಡೆಯ ಪಕ್ಕದ ಗಾಳಿಯನ್ನು. ಗುಂಡ ಮಲಗುತ್ತಿದ್ದುದು ತಳಕ್ಕೆ ಹಾಸಿದ್ದ ಮರದ ಚೂರುಗಳನ್ನೆಲ್ಲ ಬದಿಗೆ ತಳ್ಳಿ, ನೇರವಾಗಿ ಗಾಜಿನ ಮೇಲೆ.

ಒಂದು ದಿನ ಎತ್ತಿಕೊಂಡಾಗ ಹೊಟ್ಟೆಯ ಅಗಲ ಹುರುಪೆಗಳ ಮೇಲೆ ಕಂದು ಬಣ್ಣದ ಎರಡು ಮಚ್ಚೆ ಕಂಡವು. ಒಂದರ ಅಂಚಿನಲ್ಲಿ ನೀರು ತುಂಬಿದ ಗುಳ್ಳೆ ಇತ್ತು. ಆಮೇಲೆ ಮುಟ್ಟದೆಯೇ ಮೇಲ್ಮೈ ಬಿಸಿ ಅಳೆಯುವ ಟೆಂಪರೇಚರ್ ಗನ್ ತಂದು ಆ ಗಾಜಿಗೆ ಹಿಡಿದೆ. 48 ಡಿಗ್ರಿ! ಬಿಸಿ ತಾಗಿದ ಕೂಡಲೇ ಹಾವು ಸರಿದುಕೊಳ್ಳುತ್ತದೆ ಅಂದುಕೊಂಡಿದ್ದೆ. ಸರಿದುಕೊಳ್ಳಲಿಲ್ಲ. ಮೇಲಿನ ಗಾಳಿ ತಣ್ಣಗಿದ್ದರೆ ಬೆಚ್ಚಗಿನ ಜಾಗಕ್ಕೇ ಅಂಟಿಕೊಂಡು ಗಂಟೆಗಟ್ಟಲೆ ಮಲಗಿಬಿಡುತ್ತದೆ, ಚರ್ಮ ಬೇಯುತ್ತಿದ್ದರೂ. ಡಾಕ್ಟರ್ ಸಿಲ್ವರ್ ಸಲ್ಫಡಯಜಿನ್ ಮುಲಾಮು ಕೊಟ್ಟರು, ಗಾಯಕ್ಕೆ ಚೂರು ಅಂಟದಿರಲಿ ಅಂತ ತಳಕ್ಕೆ ಬರೀ ಪೇಪರ್ ಟವೆಲ್ ಹಾಕಲು ಹೇಳಿದರು. ಮೂರು ಸಲ ಪೊರೆ ಬಿಟ್ಟ ಮೇಲೆ ಗಾಯ ಮಾಯಿತು. ಗುರುತು ಇನ್ನೂ ಇದೆ.

ಅವತ್ತಿನಿಂದ ನನ್ನ ಮನೆಯಲ್ಲಿ ಒಂದೇ ನಿಯಮ. ಥರ್ಮೋಸ್ಟಾಟ್ ಇಲ್ಲದೆ ಯಾವ ಹೀಟರ್ ವೈರೂ ಪ್ಲಗ್ಗಿಗೆ ಹೋಗುವುದಿಲ್ಲ. ಹೀಟರ್ ಯಾವುದು ಅಂತ ಜನ ತಲೆ ಕೆಡಿಸಿಕೊಳ್ಳುತ್ತಾರೆ, ನನ್ನ ಪ್ರಕಾರ ಅದಕ್ಕಿಂತ ಮುಖ್ಯ ಥರ್ಮೋಸ್ಟಾಟ್, ಅದಕ್ಕಿಂತಲೂ ಮುಖ್ಯ ಅದರ ಪ್ರೋಬ್, ಅಂದರೆ ಬಿಸಿ ಅಳೆಯುವ ವೈರಿನ ತುದಿ, ಎಲ್ಲಿ ಕೂತಿದೆ ಅನ್ನುವುದು. ಇದನ್ನೂ ಕಷ್ಟಪಟ್ಟೇ ಕಲಿತೆ. ಒಂದು ರಾತ್ರಿ ಗುಂಡ ಪ್ರೋಬನ್ನು ಎಳೆದಾಡಿ ನೀರಿನ ಬಟ್ಟಲಿಗೆ ಬೀಳಿಸಿದ್ದ. ನೀರು ತಣ್ಣಗಿತ್ತು, ಹಾಗಾಗಿ ಥರ್ಮೋಸ್ಟಾಟ್ ಪೆಟ್ಟಿಗೆಯೇ ತಣ್ಣಗಿದೆ ಅಂತ ಲೆಕ್ಕ ಹಾಕಿ ಬಿಸಿ ಏರಿಸುತ್ತಲೇ ಹೋಯಿತು. ಪುಣ್ಯಕ್ಕೆ ನೀರು ಕುಡಿಯಲು ಎದ್ದವನು ನೋಡಿದೆ. ಈಗ ಪ್ರೋಬನ್ನು ಜಿಪ್ ಟೈ ಹಾಕಿ ಬಿಗಿದಿದ್ದೇನೆ. ಟೇಪ್ ಮಾತ್ರ ಒಳಗೆ ಎಲ್ಲೂ ಬಳಸಬೇಡಿ, ಹಾವಿನ ಮೈಗೆ ಅಂಟಿದರೆ ಬಿಡಿಸುವಾಗ ಚರ್ಮವೇ ಕಿತ್ತು ಬರುತ್ತದೆ. ಒಳಗಿಡುವ ಬಿಸಿ ಕಲ್ಲು ಅಂತ ಮಾರುತ್ತಾರಲ್ಲ, ಅದೂ ಬೇಡ.

ಈಗಿರುವುದು ನಾಲ್ಕಡಿ ಉದ್ದದ ಪಿವಿಸಿ ಪೆಟ್ಟಿಗೆ. ಗಾಜಿಗಿಂತ ಬಿಸಿ ಚೆನ್ನಾಗಿ ಹಿಡಿದಿಡುತ್ತದೆ, ತೇವವೂ ಉಳಿಯುತ್ತದೆ. ಇದಕ್ಕೂ ಮೊದಲು ಕೆಲಕಾಲ ಸೆರಾಮಿಕ್ ಬಲ್ಬ್ ಕೂಡ ಬಳಸಿ ನೋಡಿದ್ದೆ, ಬೆಳಕಿಲ್ಲದೆ ಬಿಸಿ ಕೊಡುತ್ತದೆ ನಿಜ, ಆದರೆ ಜಾಲರಿ ಮುಚ್ಚಳದ ಟ್ಯಾಂಕಿನಲ್ಲಿ ಗಾಳಿ ಒಣಗಿ ಗುಂಡನ ಪೊರೆ ಚೂರು ಚೂರಾಗಿ ಬರತೊಡಗಿತ್ತು. ಅದನ್ನು ಬಳಸುವವರು ಸೆರಾಮಿಕ್ ಹೋಲ್ಡರನ್ನೇ ತನ್ನಿ, ಪ್ಲಾಸ್ಟಿಕ್ಕಿನದು ಕರಗುತ್ತದೆ. ಈಗ ಒಂದು ಬದಿಯ ಚಾವಣಿಗೆ 80 ವ್ಯಾಟಿನ ಡೀಪ್ ಹೀಟ್ ಪ್ರೊಜೆಕ್ಟರ್ (ಇದೂ ಬಿಸಿ ಕೊಡುವ ಒಂದು ಬಲ್ಬೇ) ಇದೆ, ಸುತ್ತ ತಂತಿಯ ಪಂಜರ, ಇಲ್ಲದಿದ್ದರೆ ಹಾವು ಬಲ್ಬಿಗೇ ಸುತ್ತಿಕೊಳ್ಳುತ್ತದೆ. ಕೆಳಗೆ ಕಪ್ಪು ಕಲ್ಲಿನ ಹಾಸು. ಅದರ ಮೇಲ್ಮೈ 32, ತಣ್ಣಗಿನ ಬದಿ 25ರಿಂದ 26. ಎರಡೂ ಕಡೆ ಅಡಗಿ ಕೂರಲು ಒಂದೊಂದು ಗೂಡು, ಒಂದೇ ಗೂಡಿದ್ದರೆ ಬಿಸಿ ಬೇಕೋ ಮರೆ ಬೇಕೋ ಅನ್ನುವ ಇಕ್ಕಟ್ಟಿಗೆ ಹಾವು ಸಿಗುತ್ತದೆ.

ಥರ್ಮೋಸ್ಟಾಟ್ ಎರಡಿವೆ. ಮೊದಲನೆಯದು ಬಿಸಿ ನಿಭಾಯಿಸುತ್ತದೆ, ಮೂರು ಡಿಗ್ರಿ ಮೇಲಕ್ಕೆ ಇಟ್ಟಿರುವ ಎರಡನೆಯದು ಮೊದಲನೆಯದು ಕೆಟ್ಟರೆ ಕರೆಂಟನ್ನೇ ಕಡಿಯುತ್ತದೆ. ಗನ್ ಹಿಡಿದು ಕಲ್ಲನ್ನು ದಿನಾ ನೋಡುತ್ತೇನೆ. ಕೋವಿಡ್ ಸಮಯದಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಆ ಗನ್ ಇದಕ್ಕೆ ಬರಲ್ಲ, ಅದು ಜ್ವರ ಅಳೆಯಲು ಮಾಡಿದ್ದು.

ಊರಿನಿಂದ ಕೆಲವರು ಕೇಳುತ್ತಾರೆ, ನಾವೂ ಒಂದು ಹೆಬ್ಬಾವಿನ ಮರಿ ಸಾಕಬಹುದಾ ಅಂತ. ಖಂಡಿತ ಬೇಡ. ನಮ್ಮ ಕಾಡಿನ ಹಾವು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

2023ರ ಫೆಬ್ರವರಿಯಲ್ಲಿ ಇಲ್ಲಿ ಐಸ್ ಮಳೆ ಬಿದ್ದು ಲಕ್ಷಾಂತರ ಮನೆಗಳ ಕರೆಂಟ್ ಹೋಯಿತು. ನಮಗೆ ಎರಡು ದಿನ ಇರಲಿಲ್ಲ. ಗುಂಡ ಹಿಂದಿನ ದಿನವಷ್ಟೇ ಇಲಿ ತಿಂದಿದ್ದ, ಮೈ ತಣ್ಣಗಾದರೆ ಜೀರ್ಣವಾಗದೆ ವಾಂತಿ ಮಾಡುತ್ತಾನೆ ಅನ್ನುವುದೇ ನನ್ನ ದೊಡ್ಡ ಭಯ. ಗ್ಯಾಸ್ ಒಲೆಯಲ್ಲಿ ನೀರು ಕಾಯಿಸಿ, ಬಾಟಲಿಗೆ ತುಂಬಿ, ಟವೆಲ್ ಸುತ್ತಿ ಥರ್ಮೋಕೋಲ್ ಪೆಟ್ಟಿಗೆಯ ಒಂದು ಬದಿಗಿಟ್ಟೆ. ಗುಂಡನನ್ನು ಅಲುಗಾಡಿಸದೆ ದಿಂಬಿನ ಕವರಿನಲ್ಲಿ ಮಲಗಿಸಿ ಇನ್ನೊಂದು ಬದಿಗಿಟ್ಟೆ, ಗಾಳಿಗೆ ಮುಚ್ಚಳ ಸ್ವಲ್ಪ ತೆರೆದಿಟ್ಟೆ. ಎರಡು ಗಂಟೆಗೊಮ್ಮೆ ಬಾಟಲಿ ಬದಲಿಸುತ್ತಾ ನಾನೂ ನನ್ನ ಹೆಂಡತಿಯೂ ಸರದಿಯಲ್ಲಿ ಎಚ್ಚರವಿದ್ದೆವು. ವಾಂತಿ ಆಗಲಿಲ್ಲ. ಕರೆಂಟ್ ಬಂದು, ಕಲ್ಲು ಮತ್ತೆ 32ಕ್ಕೆ ಬಂದ ಮೇಲೆ ಅವನನ್ನು ಪೆಟ್ಟಿಗೆಗೆ ಬಿಟ್ಟೆ. ನಿಧಾನಕ್ಕೆ ಹರಿದು ಹೋಗಿ, ಸುಟ್ಟ ಗುರುತಿದ್ದ ಹೊಟ್ಟೆಯನ್ನು ಆ ಕಲ್ಲಿನ ಮೇಲೆ ಚಾಚಿ ಮಲಗಿದ.