ರಕ್ತ ಹಾಕಿಸಿದ ಮೇಲೂ ಮಗು ಸುಸ್ತಾಗಿದ್ದರೆ ಥೈರಾಯ್ಡ್ ನೋಡಿಸಿ

ನನ್ನ ಮಗಳಿಗೆ ಥಲಸೀಮಿಯಾ ಮೇಜರ್, ಅಂದರೆ ದೇಹ ಬೇಕಾದಷ್ಟು ರಕ್ತ ತಯಾರಿಸದ ಹುಟ್ಟು ಕಾಯಿಲೆ. ಮೂರು ವಾರಕ್ಕೊಮ್ಮೆ ವಿಜಯನಗರದಿಂದ ಬಸ್ ಹತ್ತಿ ರಕ್ತ ಹಾಕಿಸಲು ಹೋಗುತ್ತೇವೆ. ಮೊದಲೆಲ್ಲ ರಕ್ತ ಹಾಕಿಸಿದ ಮರುದಿನ ಮೆಟ್ಟಿಲು ಓಡಿ ಹತ್ತುತ್ತಿದ್ದಳು. ಹತ್ತು ತುಂಬಿದ ಮೇಲೆ ಅದು ನಿಂತಿತು. ಮೇ ತಿಂಗಳಲ್ಲೂ ಸ್ವೆಟರ್ ಬೇಕು ಅನ್ನುತ್ತಿದ್ದಳು, ಮಲಬದ್ಧತೆ ಬೇರೆ. ಅಡುಗೆಮನೆ ಬಾಗಿಲ ಚೌಕಟ್ಟಿನಲ್ಲಿ ಅವಳ ಎತ್ತರಕ್ಕೆ ಪೆನ್ಸಿಲ್ ಗೆರೆ ಎಳೆಯುತ್ತೇನೆ. ಯುಗಾದಿಯ ಗೆರೆಗೂ ದಸರೆಯ ಗೆರೆಗೂ ನಡುವೆ ಬೆರಳು ಇಡುವಷ್ಟೂ ಜಾಗ ಇರಲಿಲ್ಲ. ನಾನು ಮಾತ್ರ ರಕ್ತ ಕಮ್ಮಿಯಾಗಿರಬೇಕು ಅಂತ ಸುಮ್ನೆ ಇದ್ದೆ. ಆ ಆರು ತಿಂಗಳು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಒಂದು ಚೀಲ ರಕ್ತದಲ್ಲಿ ಸುಮಾರು 200 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಅದನ್ನು ಹೊರಹಾಕುವ ದಾರಿ ದೇಹಕ್ಕೆ ಗೊತ್ತಿಲ್ಲ. ಲಿವರ್, ಹೃದಯದ ಜೊತೆ ಥೈರಾಯ್ಡ್ ಗ್ರಂಥಿಯಲ್ಲೂ, ಅದನ್ನು ನಡೆಸುವ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲೂ ಕೂರುತ್ತದೆ. ಆಗ ಥೈರಾಯ್ಡ್ ಹಾರ್ಮೋನ್ ಕಮ್ಮಿಯಾಗಿ ಸುಸ್ತು, ಚಳಿ, ಮಲಬದ್ಧತೆ ಬರಬಹುದು, ಬೆಳವಣಿಗೆ ನಿಧಾನವಾಗಬಹುದು.

ಆದ್ದರಿಂದ ಮಗುವಿಗೆ ಒಂಬತ್ತು ವರ್ಷ ಆದಾಗಿನಿಂದ ವರ್ಷಕ್ಕೊಮ್ಮೆ ಥೈರಾಯ್ಡ್ ಟೆಸ್ಟ್ ಮಾಡಿಸಿ. ಲಕ್ಷಣ ಕಂಡರೆ ಅದಕ್ಕೂ ಮುಂಚೆಯೇ. ಟಿಎಸ್‌ಎಚ್ (ಥೈರಾಯ್ಡ್‌ಗೆ ಕೆಲಸ ಮಾಡು ಅಂತ ಪಿಟ್ಯುಟರಿ ಕಳಿಸುವ ಹಾರ್ಮೋನ್) ಒಂದೇ ಸಾಲದು, ಫ್ರೀ ಟಿ4 (ಥೈರಾಯ್ಡ್ ತಯಾರಿಸುವ ಹಾರ್ಮೋನ್) ಕೂಡ ಬರೆಸಿಕೊಳ್ಳಿ. ಪಿಟ್ಯುಟರಿಗೇ ಪೆಟ್ಟು ಬಿದ್ದಿದ್ದರೆ ಟಿಎಸ್‌ಎಚ್ ನಾರ್ಮಲ್ ಅಂತಲೇ ಬರಬಹುದು. ಕ್ರಾಸ್‌ಮ್ಯಾಚ್‌ಗೆ, ಅಂದರೆ ಹಾಕುವ ರಕ್ತ ಮಗುವಿಗೆ ಹೊಂದುತ್ತದಾ ಅಂತ ನೋಡಲು, ರಕ್ತ ತೆಗೆಯುವಾಗಲೇ ಇದಕ್ಕೂ ಒಂದು ಟ್ಯೂಬ್ ತೆಗೆಯಿರಿ ಅಂತ ಸಿಸ್ಟರ್‌ಗೆ ಹೇಳಿ. ಮಗುವಿಗೆ ಒಂದು ಚುಚ್ಚು ಉಳಿಯುತ್ತದೆ, ಅಲ್ವಾ?

ಟಿಎಸ್‌ಎಚ್ ಸ್ವಲ್ಪ ಜಾಸ್ತಿ, ಫ್ರೀ ಟಿ4 ಸರಿ ಇದ್ದರೆ ಗಾಬರಿ ಬೇಡ. ಕಬ್ಬಿಣ ಇಳಿಸುವ ಔಷಧಿ ಬಿಗಿಯಾಗಿ ಕೊಟ್ಟರೆ ಕೆಲವು ಮಕ್ಕಳಲ್ಲಿ ಅದು ಸರಿಹೋಗುತ್ತದೆ. ಫೆರಿಟಿನ್ (ದೇಹದಲ್ಲಿ ಕೂಡಿಕೊಂಡ ಕಬ್ಬಿಣದ ಅಂದಾಜು ಕೊಡುವ ರಕ್ತಪರೀಕ್ಷೆ) ಎಷ್ಟಿದೆ ಅಂತ ಪ್ರತಿ ಸಲ ಕೇಳಿ ಬರೆದಿಡಿ.

ನನ್ನ ಮಗಳಿಗೆ ಥೈರಾಕ್ಸಿನ್, ಅಂದರೆ ಥೈರಾಯ್ಡ್ ಹಾರ್ಮೋನಿನ ಮಾತ್ರೆ, ಶುರು ಮಾಡಿದರು. ಬೆಳಿಗ್ಗೆ ಎದ್ದ ತಕ್ಷಣ, ಬರೀ ನೀರಿನಲ್ಲಿ. ಹಾಲು, ತಿಂಡಿ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು. ಕ್ಯಾಲ್ಸಿಯಂ ಮಾತ್ರೆ ನಾಲ್ಕು ಗಂಟೆ ಬಿಟ್ಟು. ಕಬ್ಬಿಣ ಇಳಿಸುವ ಮಾತ್ರೆಯನ್ನೂ ಖಾಲಿ ಹೊಟ್ಟೆಗೆ ಅಂದಿದ್ದರೆ ಎರಡರ ಹೊತ್ತನ್ನೂ ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಊಹೆ ಮೇಲೆ ಬೇಡ. ಆರರಿಂದ ಎಂಟು ವಾರಕ್ಕೆ ಮತ್ತೆ ಟೆಸ್ಟ್. ಚುರುಕಾದಳು ಅಂತ ನೀವಾಗಿ ನಿಲ್ಲಿಸಬೇಡಿ.

ಈ ಯುಗಾದಿಗೆ ಬಾಗಿಲ ಮೇಲಿನ ಗೆರೆ ಎರಡು ಬೆರಳು ಮೇಲೆ ಹೋಗಿದೆ.